ಮನಸ್ಸಿನ ತಪಾಸಣೆಯೋ, ಶಾಲೆಯ ತಪಾಸಣೆಯೋ?

ಕಾಯಿಲೆ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದು ಲೇಸು ಎಂಬುದು ವಿಜ್ಞಾನದ ಪಾಠದಲ್ಲಿ ನಾವೆಲ್ಲ ಹೇಳಿಕೊಟ್ಟಿರುವ ಅಥವಾ ಹೇಳಿಸಿಕೊಂಡಿರುವ ಮಾತು. ಪೋಲಿಯೋ ಹನಿ, ಅಯೋಡಿನ್ ಬೆರೆಸಿದ ಉಪ್ಪು, ಕುದಿಸಿ ಆರಿಸಿದ ನೀರು ಇದಕ್ಕೆ ನಮಗೆ ಥಟ್ಟನೆ ಹೊಳೆಯುವ ಉದಾಹರಣೆಗಳು. ಇವುಗಳಲ್ಲಿ ಅಯೋಡಿನ್ ಉಪ್ಪನ್ನು ಸ್ವಲ್ಪ ಗಮನಿಸಿ. ಗಳಗಂಡವನ್ನು ತಡೆಯಲು ಮಕ್ಕಳಿಗೆ ಉಪದೇಶ ಮಾಡಿದ್ದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಪ್ರತಿ ಮಗುವಿನ ಕುತ್ತಿಗೆ ಮುಟ್ಟಿ ನೋಡಿ ಪಟ್ಟಿ ಮಾಡಿದ್ದರಿಂದಲೂ ಅದು ನಿಲ್ಲಲಿಲ್ಲ. ಮಗು ತಿನ್ನುವ ಉಪ್ಪನ್ನೇ ಬದಲಾಯಿಸಿದಾಗ ಫಲ ಕಂಡಿತು.

ಮಕ್ಕಳ ಮನಸ್ಸಿನ ಆರೋಗ್ಯದ ವಿಷಯ ಬಂದಾಗ ಈ ಪಾಠವನ್ನು ನಾವು ಮರೆತುಬಿಡುತ್ತೇವೆಯೇ? ಶಾಲೆಗಳಲ್ಲಿ ಈಗ ನಡೆಯುತ್ತಿರುವ ಮಾನಸಿಕ ಆರೋಗ್ಯ ಕಾರ್ಯಕ್ರಮಗಳನ್ನು ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚುವುದು ಈ ಲೇಖನದ ಉದ್ದೇಶ. ಯಾವ ಕಾರ್ಯಕ್ರಮವನ್ನಾದರೂ ಸರಾಸರಿ ಶಾಲೆಯಲ್ಲಿ ಪರೀಕ್ಷಿಸಿದರೆ ಅದು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನ ಶಾಲೆಗಳನ್ನು ಮುಂದಿಟ್ಟುಕೊಂಡು ನೋಡೋಣ. ಹೆತ್ತೂರು, ಯಸಳೂರು, ಹಾನಬಾಳು, ಪಾಳ್ಯ, ಕುಂದೂರು ಹೋಬಳಿಗಳ ಮಕ್ಕಳಿಗೆ ಉಪಯೋಗಕ್ಕೆ ಬಾರದ ಯೋಜನೆ ಎಷ್ಟೇ ಅಂದವಾಗಿ ಮುದ್ರಿತವಾಗಿದ್ದರೂ ಪೂರ್ಣ ಎನಿಸದು.

ಕಾಗದದ ಮೇಲೆ ಕೊರತೆ ಇಲ್ಲ

ಮೊದಲು ಇರುವುದನ್ನು ಒಪ್ಪಿಕೊಳ್ಳೋಣ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು 1982ರಲ್ಲಿ. ಅದನ್ನು ಹಳ್ಳಿಗಳವರೆಗೆ ಒಯ್ಯುವುದು ಹೇಗೆ ಎಂಬ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೇರೆ ರಾಜ್ಯಗಳಿಗೂ ಹೋಯಿತು. ಶಾಲೆಗಳ ಕಡೆಗೂ ನಿಮ್ಹಾನ್ಸ್‌ನವರು ಬೇಗನೆ ಗಮನ ಹರಿಸಿದ್ದರು. ಅಲ್ಲಿನ ಮನಶ್ಶಾಸ್ತ್ರಜ್ಞೆ ಡಾ. ಮಾಳವಿಕಾ ಕಪೂರ್ ಅವರು ಭಾರತದ ಶಾಲೆಗಳಲ್ಲಿ ಮಾನಸಿಕ ಆರೋಗ್ಯದ ಕುರಿತು ಬರೆದ ಪುಸ್ತಕ 1997ರಲ್ಲೇ ಪ್ರಕಟವಾಯಿತು.

ಆಮೇಲೆ ಬಂದ ಯೋಜನೆಗಳು ಹಲವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ. ಅದು ನೋಡಬೇಕಾದ 30 ತೊಂದರೆಗಳಲ್ಲಿ ಕಲಿಕೆಯ ತೊಂದರೆ, ಗಮನದ ಕೊರತೆ, ಆಟಿಸಂ ಮೊದಲಾದವು ಸೇರಿವೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಬಂತು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ಗಳು ಈಗ ಇದರ ಅಡಿಯಲ್ಲಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 29ನೆಯ ಕಲಮು ಮಾನಸಿಕ ಕಾಯಿಲೆಗಳನ್ನು ತಡೆಗಟ್ಟುವ ಕಾರ್ಯಕ್ರಮ ರೂಪಿಸುವುದನ್ನು ಸರ್ಕಾರದ ಕರ್ತವ್ಯವಾಗಿಸಿದೆ. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದ ಭಾಗವಾಗಿ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಆರಂಭವಾಯಿತು. ಇದರಂತೆ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಿ ತರಬೇತಿ ಪಡೆದು 11 ವಿಷಯಗಳ ಕುರಿತು ಪಾಠ ಮಾಡಬೇಕು. ಭಾವನೆಗಳ ಮತ್ತು ಮನಸ್ಸಿನ ಆರೋಗ್ಯ ಅವುಗಳಲ್ಲೊಂದು. 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ದೂರವಾಣಿ ಸೇವೆಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಹೀಗೆ ಯೋಜನೆಗಳಿಗೆ ಕೊರತೆ ಇಲ್ಲ. ಆದರೆ ಇವೆಲ್ಲವೂ ಬಹುಮಟ್ಟಿಗೆ ಎರಡೇ ಕೆಲಸಗಳ ಮೇಲೆ ನಿಂತಿವೆ. ಒಂದು, ಮಗುವಿಗೆ ಹೇಳಿಕೊಡುವುದು. ಇನ್ನೊಂದು, ತೊಂದರೆ ಇರುವ ಮಗುವನ್ನು ಗುರುತಿಸಿ ಆಸ್ಪತ್ರೆಗೆ ಕಳಿಸುವುದು. ಎರಡರಲ್ಲೂ ಬದಲಾಗಬೇಕಾದದ್ದು ಮಗುವೇ. ಮಗು ದಿನದ ಆರೇಳು ಗಂಟೆ ಕಳೆಯುವ ಶಾಲೆ, ಅದು ನಡೆದು ಬರುವ ದಾರಿ, ಅದರ ಮೇಲೆ ಬೀಳುವ ಪೆಟ್ಟು, ಕಿವಿಗೆ ಬೀಳುವ ಹೀಯಾಳಿಕೆ ಬದಲಾಗಬೇಕೆಂದು ಕೇಳುವವರು ಕಡಿಮೆ.

ತೋಟದ ದಾರಿಯ ಭಯ

ಸಕಲೇಶಪುರ ಮತ್ತು ಆಲೂರಿನ ಮಗುವಿನ ದಿನವನ್ನು ನೋಡಿ. ಇಲ್ಲಿನ ಆನೆಗಳು ದೂರದ ಕಾಡಿನಿಂದ ಎಂದೋ ಒಮ್ಮೆ ಬಂದು ಹೋಗುವುದಿಲ್ಲ. ಹಲವು ಕಾಫಿ ತೋಟಗಳ ನೆರಳಲ್ಲೇ ಬೀಡುಬಿಟ್ಟಿರುತ್ತವೆ. ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ನಂತರ, 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಸಂಘರ್ಷ ಅಲ್ಲಿಗೆ ಮುಗಿಯಲಿಲ್ಲ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತದ್ದು ಯಸಳೂರು ವಲಯದಲ್ಲೇ. ತೋಟದ ಕಾಲುದಾರಿಯಲ್ಲಿ ಶಾಲೆಗೆ ನಡೆಯುವ ಮಗುವಿಗೆ ಇದು ಪತ್ರಿಕೆಯ ಸುದ್ದಿಯಲ್ಲ, ನಾಳೆ ಬೆಳಗಿನ ಪ್ರಶ್ನೆ.

ಈ ಮಗುವಿಗೆ ಭಯವಿದ್ದರೆ ಅದು ಕಾಯಿಲೆಯೇ? ಅಲ್ಲ. ಆನೆಯ ದಾರಿಯಲ್ಲಿ ಭಯಪಡುವುದು ಆರೋಗ್ಯವಂತ ಮನಸ್ಸಿನ ಲಕ್ಷಣ. ಪ್ರಶ್ನಾವಳಿಯಲ್ಲಿ ‘ನನಗೆ ಆಗಾಗ ಭಯವಾಗುತ್ತದೆ’, ‘ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ’ ಎಂಬ ವಾಕ್ಯಗಳ ಮುಂದೆ ಅದು ಗುರುತು ಹಾಕಿದರೆ ‘ಆತಂಕ’ದ ಪಟ್ಟಿಗೆ ಸೇರುತ್ತದೆ. ಅದಕ್ಕೆ ‘ದೀರ್ಘವಾಗಿ ಉಸಿರೆಳೆದುಕೋ’ ಎಂದು ಕಲಿಸುವುದು ತಪ್ಪಲ್ಲ. ಆದರೆ ಭಯದ ಕಾರಣವನ್ನು ದಾರಿಯಲ್ಲೇ ಬಿಟ್ಟು ಪರಿಹಾರವನ್ನು ಮಗುವಿನ ಎದೆಯಲ್ಲಿ ಹುಡುಕಿದಂತಾಗುತ್ತದೆ.

ಇಲ್ಲಿ ಒಂದು ಹಳೆಯ ಪ್ರಯೋಗ ನೆನಪಿಗೆ ಬರುತ್ತದೆ. 1970ರ ಸುಮಾರಿಗೆ ಅಮೆರಿಕದ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳ ಬಾಲಕ್ಕೆ ವಿದ್ಯುತ್ ಆಘಾತ ಕೊಟ್ಟು ಅವುಗಳ ಜಠರವನ್ನು ಪರೀಕ್ಷಿಸಿದರು. ಎರಡು ಗುಂಪಿನ ಇಲಿಗಳಿಗೂ ಸಿಕ್ಕ ಆಘಾತ ಒಂದೇ ಪ್ರಮಾಣದ್ದು. ಒಂದು ಗುಂಪಿಗೆ ಮಾತ್ರ ಆಘಾತಕ್ಕೆ ಮುನ್ನ ಸದ್ದಿನ ಎಚ್ಚರಿಕೆ ಸಿಗುತ್ತಿತ್ತು. ಎಚ್ಚರಿಕೆ ಸಿಕ್ಕ ಇಲಿಗಳಲ್ಲಿ ಹುಣ್ಣು ತೀರ ಕಡಿಮೆ, ಸಿಗದವುಗಳಲ್ಲಿ ಬಹಳ ಹೆಚ್ಚು. ದೇಹವನ್ನು ಕಾಡಿದ್ದು ಬರೀ ನೋವಲ್ಲ, ನೋವು ಯಾವಾಗ ಬಂದೀತೆಂದು ತಿಳಿಯದ ಸ್ಥಿತಿ. ಸದ್ದಿಲ್ಲದ ಹೊತ್ತಿನಲ್ಲಿ ಮೊದಲ ಗುಂಪು ನಿಶ್ಚಿಂತೆಯಿಂದ ಇರಬಲ್ಲದು, ಎರಡನೆಯದಕ್ಕೆ ಅಂಥ ಹೊತ್ತೇ ಇಲ್ಲ. ಇಲಿಯಿಂದ ಮಗುವಿಗೆ ನೇರವಾಗಿ ಜಿಗಿಯಬಾರದು ನಿಜ. ಆದರೂ ಅನಿಶ್ಚಿತತೆ ಒತ್ತಡವನ್ನು ಹೆಚ್ಚಿಸುತ್ತದೆ ಎಂಬ ತತ್ವ ಮನುಷ್ಯರ ಮೇಲಿನ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಈಗ ನಮ್ಮ ಬೆಟ್ಟಗಳಿಗೆ ಮರಳೋಣ. ಈ ಪ್ರದೇಶದಲ್ಲಿ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿ ಅವುಗಳ ಚಲನವಲನವನ್ನು ಜನರಿಗೆ ತಿಳಿಸುವ ಏರ್ಪಾಡು ಇದೆ. ಮೊಬೈಲ್ ಸಂದೇಶ, ರಸ್ತೆ ಬದಿಯ ಬೆಳಕಿನ ಫಲಕಗಳ ಮೂಲಕ ಇಂದು ಹಿಂಡು ಎಲ್ಲಿದೆ ಎಂದು ತಿಳಿಯುತ್ತದೆ. ಇದನ್ನು ಯಾರೂ ಮಾನಸಿಕ ಆರೋಗ್ಯ ಸೇವೆ ಎಂದು ಕರೆಯುವುದಿಲ್ಲ. ವೈಸ್ ಅವರ ಇಲಿಗಳಿಗೆ ಸಿಕ್ಕ ಸದ್ದಿನ ಎಚ್ಚರಿಕೆಯೇ ಇದು. ಆ ಸಂದೇಶ ಬೆಳಗಿನ ಏಳೂವರೆಗೆ ಮುಖ್ಯೋಪಾಧ್ಯಾಯರಿಗೆ ತಲುಪಿ, ಅಲ್ಲಿಂದ ತೋಟದ ಲೈನ್ ಮನೆಗಳಿಗೆ ತಲುಪಿ, ‘ಇಂದು ಈ ದಾರಿ ಬೇಡ, ಆ ದಾರಿಯಲ್ಲಿ ಹಿರಿಯರೊಬ್ಬರ ಜೊತೆ ಬನ್ನಿ’ ಎಂಬ ಮಾತಾಗಿ ಮಗುವಿನ ಕಿವಿಗೆ ಬಿದ್ದರೆ ಅದು ಅಯೋಡಿನ್ ಉಪ್ಪಿನಂಥ ಕೆಲಸ. ಅರಣ್ಯ ಇಲಾಖೆಯ ಸಂದೇಶಕ್ಕೂ ಶಾಲಾ ಆರೋಗ್ಯ ಕಾರ್ಯಕ್ರಮಕ್ಕೂ ಸಂಬಂಧ ಕಲ್ಪಿಸುವ ಮಾತು ಯೋಜನೆಯ 11 ವಿಷಯಗಳಲ್ಲಿ ಇಲ್ಲ. ಬೆಟ್ಟದ ಶಾಲೆಯಿಂದ ಆಲೋಚನೆ ಆರಂಭಿಸಿದ್ದರೆ ಇದೇ ಮೊದಲು ಹೊಳೆಯುತ್ತಿತ್ತು.

ಆನೆಯೊಂದೇ ಕಾರಣವಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕಾಫಿ ಕೊಯ್ಲು. ತಂದೆ ತಾಯಿ ಬೆಳಗಾಗುತ್ತಲೇ ತೋಟಕ್ಕೆ ಹೋದರೆ ಹತ್ತು ಹನ್ನೆರಡರ ಹುಡುಗಿಯೇ ತಮ್ಮ ತಂಗಿಯರ ತಾಯಿ. ತೋಟದ ಕೆಲಸಕ್ಕೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಂಥ ದೂರದ ರಾಜ್ಯಗಳಿಂದಲೂ ಕುಟುಂಬಗಳು ಬರುತ್ತಿವೆ. ತರಗತಿಯ ಮೂಲೆಯಲ್ಲಿ ಸುಮ್ಮನೆ ಕೂತ ಮಗುವಿಗೆ ಖಿನ್ನತೆ ಇರಬಹುದು, ಕಿವಿ ಕೇಳದಿರಬಹುದು, ಇಲ್ಲವೇ ಕನ್ನಡ ಇನ್ನೂ ಬಾರದಿರಬಹುದು. ಮಳೆಗಾಲದಲ್ಲಿ ಹಳ್ಳ ಉಕ್ಕಿ, ಮಳೆ ರಜೆ ಘೋಷಣೆಯಾಗಿ ಮಗು ದಿನಗಟ್ಟಲೆ ಗೆಳೆಯರಿಂದ ದೂರವಾಗುತ್ತದೆ. ಇವೆಲ್ಲ ರೋಗಗಳಲ್ಲ. ಆದರೆ ಕಷ್ಟಗಳು ಒಂದರ ಮೇಲೊಂದು ಬಿದ್ದಷ್ಟೂ, ಆಸರೆಗೆ ಒಬ್ಬ ಹಿರಿಯರೂ ಇಲ್ಲದಿದ್ದಷ್ಟೂ ರೋಗದ ಸಂಭವ ಹೆಚ್ಚುತ್ತದೆ. ತಡೆಯುವ ಕೆಲಸ ನಡೆಯಬೇಕಾದದ್ದು ಇಲ್ಲಿ.

ಪ್ರಶ್ನಾವಳಿಯ ಲೆಕ್ಕ

‘ಎಲ್ಲ ಮಕ್ಕಳಿಗೂ ಒಂದು ಪ್ರಶ್ನಾವಳಿ ಕೊಟ್ಟು ತೊಂದರೆ ಇರುವವರನ್ನು ಬೇಗ ಪತ್ತೆಹಚ್ಚಬಾರದೇಕೆ?’ ಎಂದು ನೀವು ಕೇಳಬಹುದು. ಸಹಜವಾದ ಪ್ರಶ್ನೆ. ಉತ್ತರಕ್ಕೆ ಹತ್ತನೆಯ ತರಗತಿಯ ಗಣಿತ ಸಾಕು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಗ್ರಾಮಾಂತರದಲ್ಲಿ ಇದು ಶೇ. 6.9, ಮಹಾನಗರಗಳಲ್ಲಿ ಶೇ. 13.5. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂಬುದನ್ನು ಮರೆಯಬಾರದು. ಅದಕ್ಕೂ ಮೊದಲು, 2005ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದು 16 ವರ್ಷದವರೆಗಿನ ಮಕ್ಕಳಲ್ಲಿ ಶೇ. 12.5 ಎಂಬ ಅಂಕಿ ಕೊಟ್ಟಿತ್ತು. ಅದರಲ್ಲಿ ನಗರದ ಮಧ್ಯಮ ವರ್ಗ, ಕೊಳೆಗೇರಿ ಮತ್ತು ಹಳ್ಳಿಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಿದ್ದೆಯಲ್ಲಿ ಉಚ್ಚೆ ಹೊಯ್ಯುವುದು, ತೊದಲು, ನಿರ್ದಿಷ್ಟ ವಸ್ತುಗಳ ಭಯ ಇವೆಲ್ಲ ಆ ಲೆಕ್ಕದಲ್ಲಿದ್ದವು. ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ತೊಂದರೆ ಎಂದು ನೋಡಿದಾಗ ಅಂಕಿ ಶೇ. 5.3ಕ್ಕೆ ಇಳಿಯಿತು. ಏನನ್ನು ಎಣಿಸುತ್ತೇವೆ ಎಂಬುದರ ಮೇಲೆ ಎಷ್ಟು ಎಂಬುದು ನಿಂತಿದೆ.

ಈಗ ಲೆಕ್ಕ ಮಾಡಿ. 1000 ಮಕ್ಕಳಲ್ಲಿ 73 ಮಂದಿಗೆ ತೊಂದರೆ ಇದೆ ಎಂದುಕೊಳ್ಳಿ. ನಮ್ಮ ಪ್ರಶ್ನಾವಳಿ ತೊಂದರೆ ಇರುವ ನೂರರಲ್ಲಿ 80 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ತೊಂದರೆ ಇಲ್ಲದ ನೂರರಲ್ಲಿ 80 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದು ಭಾವಿಸೋಣ. ಹಾಗಾದರೆ 73ರಲ್ಲಿ ಸುಮಾರು 58 ಮಂದಿ ಸಿಕ್ಕುತ್ತಾರೆ. ಉಳಿದ 927ರಲ್ಲಿ ಶೇ. 20, ಅಂದರೆ ಸುಮಾರು 185 ಮಂದಿಯೂ ತಪ್ಪಾಗಿ ಸಿಕ್ಕಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಒಟ್ಟು 243 ಹೆಸರು, ನಿಜವಾಗಿ ತೊಂದರೆ ಇರುವವರು 58. ನಾಲ್ವರಲ್ಲಿ ಮೂವರು ಸುಮ್ಮನೆ ಸಿಕ್ಕಿಬಿದ್ದವರು, 15 ಮಂದಿ ತಪ್ಪಿಹೋದವರು.

ಈ 243 ಮಕ್ಕಳನ್ನು ಪರೀಕ್ಷಿಸಿ ಜೊಳ್ಳು ಕಾಳು ಬೇರ್ಪಡಿಸಬೇಕಾದವರು ಮನೋವೈದ್ಯರು ಅಥವಾ ತರಬೇತಾದ ಮನಶ್ಶಾಸ್ತ್ರಜ್ಞರು. ಅವರಿರುವುದು ಹಾಸನದಲ್ಲಿ. ಹೆತ್ತೂರಿನ ಕಡೆಯ ಮಗು ಮೊದಲು ಸಕಲೇಶಪುರಕ್ಕೆ ಬಂದು, ಅಲ್ಲಿಂದ ಸುಮಾರು 40 ಕಿ.ಮೀ. ಹೋಗಬೇಕು. ತಂದೆ ಅಥವಾ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ಎರಡನೆಯ ಸಲ ಹೋಗುವವರು ಎಷ್ಟು ಮಂದಿ? ಮುಂದಿನ ದಾರಿ ಸಿದ್ಧವಿಲ್ಲದೆ ತಪಾಸಣೆ ಮಾಡಿದರೆ ಉಳಿಯುವುದು ಹಣೆಪಟ್ಟಿ ಮಾತ್ರ. ಇಪ್ಪತ್ತೋ ಮೂವತ್ತೋ ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಿ ಗುಟ್ಟು ಉಳಿಯುವುದಿಲ್ಲ ಎಂಬುದು ನಿಮಗೆ ಗೊತ್ತು.

ಪ್ರಯೋಗಗಳು ಏನು ಹೇಳುತ್ತವೆ?

ನಮ್ಮ ಅಭಿಪ್ರಾಯ ಬದಿಗಿಟ್ಟು ಪುರಾವೆ ನೋಡೋಣ. ಮೊದಲನೆಯದು ನಮ್ಮ ರಾಜ್ಯದ್ದೇ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಜೀವನ ಕೌಶಲ್ಯಗಳನ್ನು ಆಧರಿಸಿ ನಿಮ್ಹಾನ್ಸ್‌ನವರು ಶಿಕ್ಷಕರ ಮೂಲಕ ಕಲಿಸುವ ಕಾರ್ಯಕ್ರಮ ರೂಪಿಸಿದರು. ಅದರ ಮೌಲ್ಯಮಾಪನ 2010ರಲ್ಲಿ ಪ್ರಕಟವಾಯಿತು. ಪಾಠ ಪಡೆದ 605 ಹದಿಹರೆಯದವರನ್ನು ಪಡೆಯದ 423 ಮಂದಿಯೊಂದಿಗೆ ಹೋಲಿಸಿದಾಗ ಸ್ವಾಭಿಮಾನ, ಕಷ್ಟ ನಿಭಾಯಿಸುವ ವಿಶ್ವಾಸ, ಶಾಲೆ ಮತ್ತು ಶಿಕ್ಷಕರೊಂದಿಗೆ ಹೊಂದಾಣಿಕೆ ಉತ್ತಮವಾಗಿದ್ದವು. ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಇದು ಯಾರಿಗೆ ಪಾಠ, ಯಾರಿಗಿಲ್ಲ ಎಂದು ಚೀಟಿ ಎತ್ತಿ ನಿರ್ಧರಿಸಿದ ಪ್ರಯೋಗವಲ್ಲ. ಪಾಠದಿಂದ ಲಾಭವಿದೆ, ಆದರೆ ಅದೊಂದರಿಂದಲೇ ಕಾಯಿಲೆ ತಡೆದೆವು ಎನ್ನಲಾಗದು ಎಂಬುದು ಇದರ ಪ್ರಾಮಾಣಿಕ ಓದು.

ಎರಡನೆಯದು ಬಿಹಾರದ ನಳಂದಾ ಜಿಲ್ಲೆಯ ‘ಸೆಹರ್’ ಪ್ರಯೋಗ. ಇದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 75 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ತರಗತಿಯ ಜೀವನ ಕೌಶಲ್ಯ ಪಾಠ ಮೂರಕ್ಕೂ ಸಮಾನ. ಎರಡು ಗುಂಪುಗಳಲ್ಲಿ ಅದರ ಜೊತೆಗೆ ಇಡೀ ಶಾಲೆಯ ವಾತಾವರಣ ಬದಲಿಸುವ ಕೆಲಸ ನಡೆಯಿತು. ಬೆಳಗಿನ ಪ್ರಾರ್ಥನೆಯ ಹೊತ್ತಿನ ಚರ್ಚೆ, ಗೋಡೆ ಪತ್ರಿಕೆ, ಮನದ ಮಾತು ಬರೆದು ಹಾಕುವ ಪೆಟ್ಟಿಗೆ, ಮಕ್ಕಳ ಗುಂಪು, ಹೊಡೆತ ಮತ್ತು ಕಿರುಕುಳದ ವಿರುದ್ಧ ಶಾಲೆಯದೇ ನಿಯಮ, ಬೇಕಾದವರಿಗೆ ಒಬ್ಬೊಬ್ಬರಾಗಿ ಆಪ್ತಸಲಹೆ. ಒಂದು ಗುಂಪಿನಲ್ಲಿ ಇದನ್ನು ನಡೆಸಿದವರು ಶಾಲೆಯ ಶಿಕ್ಷಕರು, ಇನ್ನೊಂದರಲ್ಲಿ ಇದಕ್ಕೆಂದೇ ನೇಮಕವಾಗಿ ತರಬೇತಿ ಪಡೆದ, ಮನೋವೈದ್ಯರಲ್ಲದ ‘ಮಿತ್ರ’ರು. ವರ್ಷಾಂತ್ಯದಲ್ಲಿ ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು, ಖಿನ್ನತೆಯ ಲಕ್ಷಣ, ಕಿರುಕುಳ, ಹಿಂಸೆ ಕಡಿಮೆಯಾಗಿದ್ದವು. ಶಿಕ್ಷಕರೇ ನಡೆಸಿದ ಶಾಲೆಗಳಿಗೂ ಬರೀ ಪಾಠ ನಡೆದ ಶಾಲೆಗಳಿಗೂ ವ್ಯತ್ಯಾಸ ಕಾಣಲಿಲ್ಲ.

ಶಿಕ್ಷಕ ಮಿತ್ರರೇ, ಇದನ್ನು ನಿಮ್ಮ ಮೇಲಿನ ದೂರು ಎಂದು ಓದಬೇಡಿ. ಕಾರಣವನ್ನು ನೀವೇ ಊಹಿಸಬಲ್ಲಿರಿ. ಪಾಠ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಆನ್‌ಲೈನ್ ದಾಖಲೆ ಎಲ್ಲದರ ನಡುವೆ ಇದು ಇನ್ನೊಂದು ಹೊರೆ. ಅಂಕ ಕೊಡುವವರ ಮುಂದೆ ಮನಸ್ಸು ಬಿಚ್ಚಲು ಮಗು ಹಿಂಜರಿಯುವುದೂ ಸಹಜ. ಹೀಗಿದ್ದರೂ ಇಬ್ಬರು ಶಿಕ್ಷಕರನ್ನು ರಾಯಭಾರಿ ಮಾಡುವ ಯೋಜನೆ 2020ರಲ್ಲಿ ಬಂತು. ಎರಡು ವರ್ಷ ಮೊದಲೇ ನಮ್ಮದೇ ದೇಶದ ಪ್ರಯೋಗ ಬೇರೆ ಮಾತು ಹೇಳಿತ್ತು.

ಮೂರನೆಯದು ಐರೋಪ್ಯ ಒಕ್ಕೂಟದ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ. ಆತ್ಮಹತ್ಯಾ ಪ್ರಯತ್ನ ತಡೆಯಲು ಮೂರು ವಿಧಾನಗಳನ್ನು ಹೋಲಿಸಲಾಯಿತು: ಅಪಾಯದ ಚಿಹ್ನೆ ಗುರುತಿಸಲು ಶಿಕ್ಷಕರಿಗೆ ತರಬೇತಿ, ಪ್ರಶ್ನಾವಳಿಯ ಮೂಲಕ ಪತ್ತೆಹಚ್ಚಿ ವೈದ್ಯರ ಬಳಿ ಕಳಿಸುವುದು, ಮಕ್ಕಳೇ ಪಾತ್ರ ವಹಿಸಿ ತಮ್ಮ ಸಮಸ್ಯೆಗಳನ್ನು ಚರ್ಚಿಸುವ ಕೆಲವು ಗಂಟೆಗಳ ಕಾರ್ಯಾಗಾರ. ಒಂದು ವರ್ಷದ ನಂತರ ಗಣನೀಯ ಪರಿಣಾಮ ಕಂಡದ್ದು ಮೂರನೆಯದರಲ್ಲಿ ಮಾತ್ರ. ಅಲ್ಲಿ ಹೊಸ ಪ್ರಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು.

ಒಳ್ಳೆಯ ಉದ್ದೇಶದ ಪಾಠವೆಲ್ಲ ಒಳ್ಳೆಯದನ್ನೇ ಮಾಡುತ್ತದೆ ಎಂಬ ನಂಬಿಕೆಯೂ ಬೇಡ. ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ಧ್ಯಾನದ ಮಾದರಿಯ ಸಾವಧಾನತೆಯ ತರಬೇತಿಯನ್ನು ಎಂದಿನ ಪಾಠದೊಂದಿಗೆ ಹೋಲಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮೊದಲೇ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಲ್ಲಿ ಕೆಲವು ಅಂಶಗಳು ತುಸು ಹದಗೆಟ್ಟ ಸೂಚನೆಯೂ ಇತ್ತು.

ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಮಗುವಿಗೆ ಬರೀ ಹೇಳುವುದರಿಂದ, ಬರೀ ಹುಡುಕುವುದರಿಂದ ಆಗುವ ಲಾಭ ಅಲ್ಪ. ಮಗು ಮಾತನಾಡಲು ಅವಕಾಶ, ಕೇಳಿಸಿಕೊಳ್ಳಲು ಬಿಡುವಿರುವ ಒಬ್ಬ ಹಿರಿಯರು, ಪೆಟ್ಟು ಮತ್ತು ಹೀಯಾಳಿಕೆ ಇಲ್ಲದ ಶಾಲೆ ಇದ್ದಲ್ಲಿ ಫಲ ಕಂಡಿದೆ.

ನೂರರ ಗೆರೆ

2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು. ಸ್ವಾಗತಾರ್ಹ ಹೆಜ್ಜೆ ಇದು. ಆದರೆ ಮಲೆನಾಡಿನಲ್ಲಿ ಮನೆಗಳು ಚದುರಿವೆ, ಶಾಲೆಗಳು ಚಿಕ್ಕವು. ಇಲ್ಲಿನ ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳು ನೂರರ ಗೆರೆಯ ಕೆಳಗೇ ಉಳಿಯುತ್ತವೆ. ತಜ್ಞರು ಹತ್ತಿರವಿರುವ ಪಟ್ಟಣದ ದೊಡ್ಡ ಶಾಲೆಗೆ ವ್ಯಕ್ತಿ ಸಿಗುತ್ತಾರೆ, ತಜ್ಞರು ದೂರವಿರುವ ಬೆಟ್ಟದ ಶಾಲೆಗೆ ಒಂದು ವಿಳಾಸ ಸಿಗುತ್ತದೆ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಶಾಲೆಯನ್ನು ಬಿಟ್ಟು ಕ್ಲಸ್ಟರನ್ನು ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಚಿಕ್ಕ ಶಾಲೆಗಳಿಗೆ ಅದೇ ಊರಿನ ಕಡೆಯ ಪದವೀಧರರೊಬ್ಬರನ್ನು ತರಬೇತಿ ಕೊಟ್ಟು ನೇಮಿಸಿದರೆ, ವರ್ಷದ 220 ಶಾಲಾ ದಿನಗಳಲ್ಲಿ ಪ್ರತಿ ಶಾಲೆಗೆ 22 ದಿನ ಸಿಗುತ್ತದೆ. ತಿಂಗಳಿಗೆ ಎರಡು ಸಲ ಅದೇ ಮುಖ, ಅದೇ ಹೆಸರು. ವರ್ಷಕ್ಕೊಮ್ಮೆ ಬಂದು ಹೋಗುವ ಜೀಪಿಗಿಂತ ಇದು ಮೇಲು. ಮೇಲ್ವಿಚಾರಣೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡವಿದೆ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ. ನಳಂದಾದಲ್ಲಿ ಒಂದು ಶಾಲೆಗೇ ಒಬ್ಬ ಮಿತ್ರರಿದ್ದರು, ಹತ್ತು ಶಾಲೆಗೆ ಒಬ್ಬರಾದರೆ ಅಷ್ಟೇ ಫಲ ಬರಬೇಕೆಂದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದಲೇ ಪರೀಕ್ಷಿಸಿ ನೋಡಬೇಕು. ಎರಡೂ ತಾಲ್ಲೂಕುಗಳ ಕ್ಲಸ್ಟರುಗಳ ಹೆಸರು ಬರೆದು ಚೀಟಿ ಎತ್ತಿ ಅರ್ಧಕ್ಕೆ ಈ ವರ್ಷ, ಉಳಿದರ್ಧಕ್ಕೆ ಮುಂದಿನ ವರ್ಷ ಈ ಸೇವೆ ಕೊಟ್ಟರೆ ಯಾರಿಗೂ ಅನ್ಯಾಯವಾಗದೆ ಹೋಲಿಕೆಗೆ ದಾರಿಯಾಗುತ್ತದೆ. ಎಷ್ಟು ಮಂದಿಗೆ ತರಬೇತಿಯಾಯಿತು ಎಂದು ಎಣಿಸುವುದರ ಜೊತೆಗೆ ಶಾಲೆಯಲ್ಲಿ ಪೆಟ್ಟು ತಿಂದವರು, ಕಿರುಕುಳಕ್ಕೆ ಒಳಗಾದವರು, ಕೊಯ್ಲಿನ ಕಾಲದಲ್ಲಿ ಶಾಲೆ ಬಿಟ್ಟವರು ಎಷ್ಟು ಕಡಿಮೆಯಾದರು ಎಂದೂ ಎಣಿಸಬೇಕು.

ಅಲ್ಲಿಯವರೆಗೆ ನಾವು ಏನು ಮಾಡಬಹುದು?

ಆದೇಶಕ್ಕಾಗಿ ಕಾಯದೆ ಶಾಲೆಯಲ್ಲೇ ಮಾಡಬಹುದಾದ ಕೆಲವು ಕೆಲಸಗಳಿವೆ.

1. ದಾರಿಯ ನಕ್ಷೆ. ಮಕ್ಕಳಿಂದಲೇ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಸಿ, ಭಯವಾಗುವ ಜಾಗಗಳನ್ನು ಗುರುತು ಮಾಡಿಸಿ. ಅದು ಆನೆಯ ಜಾಗವಿರಬಹುದು, ನಾಯಿ, ಹಳ್ಳ ಅಥವಾ ಯಾವುದೋ ಮನುಷ್ಯನ ಭಯವೂ ಇರಬಹುದು. ಎಸ್‌ಡಿಎಂಸಿ ಸಭೆಯಲ್ಲಿ ಈ ನಕ್ಷೆಯನ್ನು ಮುಂದಿಡಿ. ಆನೆಯ ಮುನ್ಸೂಚನೆ ಲೈನ್ ಮನೆಗಳಿಗೆ ಯಾರ ಮೂಲಕ ತಲುಪಬೇಕೆಂದು ಅಲ್ಲೇ ನಿಶ್ಚಯಿಸಿ.

2. ಬೆತ್ತ ಮತ್ತು ಹೀಯಾಳಿಕೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಲ್ಲರೆದುರು ‘ದಡ್ಡ’ ಎನ್ನುವುದು, ಭಾಷೆ ಬಾರದ ಮಗುವನ್ನು ನಕ್ಕು ಕೂರಿಸುವುದು ಅದರಲ್ಲಿ ಸೇರುತ್ತದೆ. ಒಂದು ಪೈಸೆ ಖರ್ಚಿಲ್ಲದ ತಡೆಯ ಕ್ರಮ ಇದು.

3. ಹೊಸ ಮಗುವಿಗೆ ಒಬ್ಬ ಜೊತೆಗಾರ. ಬೇರೆ ಭಾಷೆಯ ಮಗು ಸೇರಿದಾಗ ಮೊದಲ ತಿಂಗಳು ಊಟಕ್ಕೆ, ಆಟಕ್ಕೆ, ದಾರಿಗೆ ಒಬ್ಬ ಸಹಪಾಠಿಯನ್ನು ಜೊತೆ ಮಾಡಿ. ಖಿನ್ನತೆಯೋ ಭಾಷೆಯ ತೊಡಕೋ ಎಂಬುದು ಅಷ್ಟರಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ.

4. ಪರೀಕ್ಷೆಯ ಭಯ. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಡಲಾಯಿತು. ಮಗುವಿನ ಬದಲು ವ್ಯವಸ್ಥೆಯೇ ಬದಲಾದದ್ದಕ್ಕೆ ಇದು ಒಳ್ಳೆಯ ಉದಾಹರಣೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇರುವುದನ್ನು ಫಲಿತಾಂಶ ಬರುವ ಮೊದಲೇ ಮಕ್ಕಳಿಗೂ ಪೋಷಕರಿಗೂ ತಿಳಿಸಿ. ಫಲಿತಾಂಶದ ದಿನ ಅನುತ್ತೀರ್ಣರಾದವರ ಮನೆಗೆ ಶಾಲೆಯಿಂದ ಒಬ್ಬರು ಹೋಗಿ ಬನ್ನಿ.

5. ಕೀಟನಾಶಕಕ್ಕೆ ಬೀಗ. ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದಂತೆ ಅಲ್ಲಿ ಆತ್ಮಹತ್ಯೆಗಳು ಗಣನೀಯವಾಗಿ ಇಳಿದವು. ತೋಟದ ಮನೆಗಳಲ್ಲಿ ಔಷಧಿ ಡಬ್ಬಗಳು ಬೀಗದೊಳಗೆ, ಮಕ್ಕಳ ಕೈಗೆ ಸಿಗದಂತೆ ಇರಬೇಕೆಂಬುದನ್ನು ಪೋಷಕರ ಸಭೆಯಲ್ಲಿ ಹೇಳಿ.

6. ರೋಗ ಹೆಸರಿಸುವುದು ನಿಮ್ಮ ಕೆಲಸವಲ್ಲ, ಬದಲಾವಣೆ ಗಮನಿಸುವುದು ನಿಮ್ಮ ಕೆಲಸ. ಚುರುಕಾಗಿದ್ದ ಮಗು ವಾರಗಟ್ಟಲೆ ಮಂಕಾದರೆ, ಊಟ ಬಿಟ್ಟರೆ, ಬದುಕು ಬೇಡವೆಂಬ ಮಾತಾಡಿದರೆ ಏಕಾಂತದಲ್ಲಿ ಕೇಳಿಸಿಕೊಳ್ಳಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಮಗುವಿನ ಪರವಾಗಿ ನೀವೇ ಕರೆ ಮಾಡಿ. ದೌರ್ಜನ್ಯದ ಸಂಶಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಎರಡೂ ಸಂಖ್ಯೆಗಳು ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರದಲ್ಲಿರಲಿ.

ವಿಜ್ಞಾನದ ವಿದ್ಯಾರ್ಥಿಗಳೇ, ಮೇಲಿನ 1000 ಮಕ್ಕಳ ಲೆಕ್ಕವನ್ನು ಶೇ. 5.3 ಮತ್ತು ಶೇ. 12.5 ಅಂಕಿಗಳಿಗೂ ಮಾಡಿ ನೋಡಿ. ತೊಂದರೆ ಅಪರೂಪವಾದಷ್ಟೂ ತಪಾಸಣೆಯ ಪಟ್ಟಿಯಲ್ಲಿ ಸುಳ್ಳು ಹೆಸರುಗಳ ಪಾಲು ಹೆಚ್ಚುತ್ತದೆ ಎಂಬುದು ನಿಮಗೇ ಕಾಣುತ್ತದೆ. ಮುಂದೆ ನೀವು ವೈದ್ಯರೋ, ಶಿಕ್ಷಕರೋ, ಅಧಿಕಾರಿಯೋ ಆದಾಗ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ತಪಾಸಣೆ ಬೇಡ, ಚಿಕಿತ್ಸೆ ಬೇಡ ಎಂಬುದು ಈ ಲೇಖನದ ವಾದವಲ್ಲ. ಕಾಯಿಲೆ ಬಂದ ಮಗುವಿಗೆ ವೈದ್ಯರು ಬೇಕೇ ಬೇಕು. ಅವರನ್ನು ಸಕಲೇಶಪುರ, ಆಲೂರಿನವರೆಗಾದರೂ ನಿಯಮಿತವಾಗಿ ಕರೆತರುವುದು ಸರ್ಕಾರದ ಹೊಣೆ. ಆದರೆ ಚಿಕಿತ್ಸೆಯನ್ನೇ ತಡೆ ಎಂದು ಕರೆದು ತೃಪ್ತರಾಗುವುದು ಬೇಡ. ತಡೆಯ ಕೆಲಸಕ್ಕೆ ಮೊದಲು ತಪಾಸಣೆಯಾಗಬೇಕಾದದ್ದು ಶಾಲೆ ಮತ್ತು ಅಲ್ಲಿಗೆ ಬರುವ ದಾರಿ. ಮುಂದಿನ ಸಲ ನಿಮ್ಮ ಶಾಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ನಮೂನೆ ತುಂಬುವಾಗ ಅದರ ಕೊನೆಗೆ ಒಂದು ಸಾಲು ನೀವೇ ಸೇರಿಸಿ: ‘ಈ ವರ್ಷ ಮಕ್ಕಳಿಗಾಗಿ ಈ ಶಾಲೆಯಲ್ಲಿ ಬದಲಾದದ್ದು ಏನು?’ ಆ ಸಾಲಿನ ಮುಂದೆ ಬರೆಯಲು ಏನಾದರೂ ಇದ್ದರೆ ಕಾರ್ಯಕ್ರಮ ನಡೆದಿದೆ ಎಂದು ಧೈರ್ಯವಾಗಿ ಸಹಿ ಹಾಕಬಹುದು.